ಗಿಟಾರ್ ಕೆಡಿಸಿದ ಕೈ

ಅರುಣ್ ಕುಮಾರನ ಎರಡು ಬೆರಳು ಮುರಿದ ಸುದ್ದಿಯನ್ನು ತಿಮ್ಮರಾಜುವಿಗೆ ಮುಟ್ಟಿಸಿದವನು ಖುದ್ದು ಅರುಣ್ ಕುಮಾರನೇ. ಕೊರಟಗೆರೆಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಎಡಗೈಯಲ್ಲಿ ಫೋನು ಹಿಡಿದು, ನರಳುತ್ತಲೇ ಮಾತಾಡಿದ. ಆ ಊರಲ್ಲಿ ಅವನದೊಂದು ವಾದ್ಯಗಳ ಅಂಗಡಿ. ಹಾರ್ಮೋನಿಯಂ, ತಬಲ, ಹಳೆಯ ಗಿಟಾರು ಮಾರಿಕೊಂಡು, ಯಾರ ತಂಟೆಗೂ ಹೋಗದೆ ಇದ್ದ ಪ್ರಾಣಿ ಪಾಪ.

"ತಿಮ್ಮಣ್ಣ, ಮೊದ್ಲು ಅಂಗಡಿ ಬಾಗ್ಲು ಹಾಕ್ಬುಡು," ಅಂದ. "ನಿನ್ ತಂಗಿ ಗಂಡ ಬತ್ತಾವ್ನೆ. ಗಿಟಾರ್‌ಗೆ ನಾನ್ ಕೊಟ್ಟ ಪಿಕಪ್ ಡೂಪ್ಲಿಕೇಟು ಅಂತ ಜಗಳ ತೆಗ್ದ. ಒರಿಜಿನಲ್ಲೇ ಕಣಣ್ಣ ಅಂತ ಕಾಲ್ ಹಿಡ್ಕಂಡ್ರೂ ಕೇಳ್ನಿಲ್ಲ. ಟೇಬಲ್ ಮೇಲೆ ನನ್ ಕೈ ಇಕ್ಕಿ ಬೆರಳು ಹಿಂದಕ್ಕೆ ಬಗ್ಗಿಸ್ಬುಟ್ಟ. ಇನ್ನು ಭಾವನ ಸರದಿ ಅಂತ ಹೇಳೇ ಹೊರಟವ್ನೆ."

ಸಿರಾ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ತಿಮ್ಮರಾಜುವಿನದು ಮೈಕ್‌ಸೆಟ್, ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ. ಧೈರ್ಯ ಅನ್ನುವುದು ಅವನಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ, ಆಮೇಲೆ ಸಂಪಾದಿಸುವುದಕ್ಕೂ ಹೋಗಲಿಲ್ಲ. ಎದ್ದವನೇ ಶೆಟರು ಎಳೆದ. ಅರ್ಧಕ್ಕೆ ಬರುವಷ್ಟರಲ್ಲಿ ಕೈ ನಿಂತಿತು.

ಯಾಕೆಂದರೆ ತಂಗಿಯ ಗಂಡ ಚಿಕ್ಕರಾಜುವಿನ ಬೈಕಿನ ಹಿಂದಿನ ಸೀಟಲ್ಲಿ ತಂಗಿ ಯಶೋದ ಕೂತಿರುತ್ತಾಳೆ. ಗಿಟಾರ್ ಚೀಲದ ಪಟ್ಟಿ ಕಿತ್ತುಹೋದ ಮೇಲೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು, ಊರೂರು ಸುತ್ತುವುದು ಅವಳ ಕೆಲಸ. ಅಂಗಡಿ ಮುಚ್ಚಿದ್ದರೆ ಚಿಕ್ಕರಾಜುವಿನ ಸಿಟ್ಟು ಗಾಳಿಗೆ ಹೋಗುವಂಥದ್ದಲ್ಲ. ಕೈಗೆ ಹತ್ತಿರ ಯಾರಿದ್ದಾರೋ ಅವರ ಮೇಲೆ ಬೀಳುತ್ತದೆ, ಹತ್ತಿರ ಇರುವವಳು ತಂಗಿ. ತಿಮ್ಮರಾಜು ಶೆಟರನ್ನು ಮತ್ತೆ ಮೇಲಕ್ಕೆ ತಳ್ಳಿದ.

ತಂಗಿಯ ಮೈಮೇಲೆ ಆ ಕೈ ಏನೇನು ಮಾಡಿದೆ ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಒಂದು ಸಲ ಮಣಿಕಟ್ಟು ಮುರಿದುಕೊಂಡು ಸಿರಾಕ್ಕೆ ಬಂದಿದ್ದಳು. ಸರ್ಕಾರಿ ಆಸ್ಪತ್ರೆಗೆ ಇವನೇ ಕರೆದುಕೊಂಡು ಹೋದ. ನರ್ಸ್ ಶಾಂತಕುಮಾರಿ, "ಹೆಂಗಾಯ್ತಮ್ಮ?" ಅಂದಾಗ, "ಬಚ್ಚಲಲ್ಲಿ ಜಾರಿ ಬಿದ್ದೆ," ಅಂದಳು. ಇನ್ನೊಂದು ಸಲ ಹುಬ್ಬು ಸೀಳಿತ್ತು. ಆಗಲೂ ಬಚ್ಚಲು. ಶಾಂತಕುಮಾರಿ ಹೊಲಿಗೆ ಹಾಕುತ್ತಾ, "ಆ ಬಚ್ಚಲಿಗೆ ಒಂದಿಷ್ಟು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಮ್ಮ, ಇಲ್ದಿದ್ರೆ ಒಂದಿನ ಅದು ನಿನ್ನ ಕೊಂದೇ ಬುಡುತ್ತೆ," ಅಂದಳು. ತಿಮ್ಮರಾಜು ಪಕ್ಕದಲ್ಲೇ ನಿಂತಿದ್ದ. ಅಣ್ಣ ಅನ್ನಿಸಿಕೊಂಡವನು ಗೋಡೆ ಮೇಲಿನ ಪೋಲಿಯೋ ಚಿತ್ರ ನೋಡುತ್ತಾ ನಿಂತಿದ್ದ.

ಈಗ ಚಿಕ್ಕರಾಜುವಿನ ಕಥೆ. ಬಡವನಹಳ್ಳಿ ಹತ್ತಿರದ ಹಟ್ಟಿಯವನು. ತಾತ ಕುರಿ ಕಾಯುತ್ತಾ ಗಣೆ ಅನ್ನುವ ಉದ್ದನೆಯ ಬಿದಿರ ಕೊಳಲು ಊದುತ್ತಿದ್ದ, ಅಪ್ಪ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ, ಇವನು ಮಧುಗಿರಿಯ ಜಯರಾಮಯ್ಯನ ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್. ಮನುಷ್ಯ ಎಂಥವನೇ ಇರಲಿ, ಬೆರಳು ಮಾತ್ರ ದೇವರು ಕೊಟ್ಟದ್ದು. ಅವನು ನುಡಿಸಿದರೆ ಕೊನೆಯ ಸಾಲಲ್ಲಿ ಕಡಲೇಕಾಯಿ ಬಿಡಿಸುತ್ತಾ ಕೂತವರೂ ಕೈ ನಿಲ್ಲಿಸುತ್ತಿದ್ದರು. ಅದೇ ಬೆರಳು ಮಡಚಿದರೆ ಮುಷ್ಟಿ. ಎರಡನ್ನೂ ಹಟ್ಟಿಯವರು ನೋಡಿದ್ದಾರೆ.

ತಿಂಗಳ ಹಿಂದೆ ಅವನು ಗಿಟಾರಿಗೆ ಹೊಸ ಪಿಕಪ್ ಹಾಕಿಸಿದ. ಪಿಕಪ್ ಅಂದರೆ ತಂತಿಗಳ ಕೆಳಗೆ ಕೂರುವ ಆಯಸ್ಕಾಂತದ ಪಟ್ಟಿ. ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸುತ್ತಿರುತ್ತಾರೆ, ಮೇಲಿನ ತಂತಿ ನಡುಗಿದ್ದನ್ನು ಹಿಡಿದು ಸ್ಪೀಕರಿನ ಕಡೆ ಕಳಿಸುವುದು ಅದೇ. ಅರುಣ್ ಕುಮಾರ ಯಾವುದೋ ಫಾರಿನ್ ಗಿಟಾರಿನಿಂದ ಬಿಚ್ಚಿದ್ದನ್ನು ಕೊಟ್ಟ, ತಿಮ್ಮರಾಜು ಕೂರಿಸಿದ. ಅವತ್ತಿನಿಂದ ದನಿ ಮಂಕಾಯಿತು. ಮಿಂಚಿನ ಹಾಗೆ ಸೀಳಿಕೊಂಡು ಬರುತ್ತಿದ್ದದ್ದು, ಕಂಬಳಿ ಮುಸುಕು ಹಾಕಿಕೊಂಡವರು ಗೊಣಗಿದ ಹಾಗೆ ಬರತೊಡಗಿತು.

ತಿರುಮಣಿಯ ಪ್ರೋಗ್ರಾಮಿನಲ್ಲಿ ಮಾನ ಹೋಯಿತು. ಎಲ್ಲರೂ ಕಾಯುವ ಗಿಟಾರ್ ತುಣುಕು ಬಂದಾಗ ಡ್ರಮ್ಮು, ಕೀಬೋರ್ಡು ಬಿಟ್ಟರೆ ಏನೂ ಕೇಳಲಿಲ್ಲ. ಮುಂದಿನ ಸಾಲಿನಿಂದ ಒಬ್ಬ, "ಏಂರಾ, ಗಿಟಾರು ನಿದ್ರಪೋಯಿಂದಾ?" ಅಂತ ತೆಲುಗಿನಲ್ಲಿ ಕೂಗಿದ, ಗಿಟಾರು ಮಲಗಿಬಿಟ್ಟಿತಾ ಅಂತ. ಜನ ನಕ್ಕರು. ಚಿಕ್ಕರಾಜು ಸ್ಟೇಜಿನಿಂದ ಹಾರಿ ಅವನ ಬಾಯಿಗೆ ಗುದ್ದಿದ, ಹಲ್ಲು ಉದುರಿತು. ಜಯರಾಮಯ್ಯ ಹೇಗೋ ಎಳೆದುಕೊಂಡು ಬಂದು ವ್ಯಾನಿಗೆ ತುಂಬಿ ಒಂದೇ ಮಾತು ಹೇಳಿದ. ಮುಂದಿನದು ಪಾವಗಡ. ಅಲ್ಲೂ ಇದೇ ಗೋಳಾದರೆ ನಿನ್ನ ಪಾರ್ಟನ್ನು ಕೀಬೋರ್ಡಿನ ಹುಡುಗನೇ ನುಡಿಸುತ್ತಾನೆ, ನೀನು ಕುರಿ ಕಾಯಲು ಹೋಗು.

ಆ ಮಾತು ನೆತ್ತಿಗೇರಿತು. ಪಾವಗಡದ ಪ್ರೋಗ್ರಾಮಿನ ದಿನ ಬೆಳಿಗ್ಗೆ ಟೀಗೆ ಬನ್ನು ಅದ್ದಿ ತಿನ್ನುತ್ತಾ ಕೂತಿದ್ದ ಆರು ವರ್ಷದ ಮಗಳು ರಕ್ಷಾಳ ತಲೆಯ ಮೇಲೆ ಕೈ ಇಟ್ಟು, ತಾಯಿ ಜುಂಜಮ್ಮನ ಎದುರಿಗೆ, ಹೆಂಡತಿಯ ಎದುರಿಗೆ ಆಣೆ ಮಾಡಿದ. "ನನ್ ಗಿಟಾರ್ ಕೆಡಿಸಿದ ಕೈ ಯಾವನ್ದೇ ಆಗ್ಲಿ, ಇವತ್ತು ಹೊತ್ತು ಮುಳುಗೋದ್ರೊಳಗೆ ಆ ಕೈ ಮುರೀತೀನಿ. ಮಗಳ ತಲೆ ಮುಟ್ಟಿ ಹೇಳ್ತಿವ್ನಿ."

ಯಶೋದಳ ಕೈಯಲ್ಲಿದ್ದ ಟೀ ಪಾತ್ರೆ ಕೆಳಗೆ ಬಿತ್ತು. ದೇವರ ಮೇಲೆ ಆಣೆ ಇಡು, ತಪ್ಪಿದರೆ ತಪ್ಪುಕಾಣಿಕೆ ಕಟ್ಟಿ ಕೈಮುಗಿಯಬಹುದು. ಮಗುವಿನ ತಲೆ ಮುಟ್ಟಿ ಇಟ್ಟ ಆಣೆಗೆ ಹಟ್ಟಿಯಲ್ಲಿ ಕಾಣಿಕೆಯೂ ಇಲ್ಲ, ಕ್ಷಮೆಯೂ ಇಲ್ಲ. ತಪ್ಪಿದರೆ ಅದು ಮಗುವಿಗೇ ತಟ್ಟುತ್ತದೆ. ಹಾಗಂತ ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಜುಂಜಮ್ಮ ಮಗನ ಮುಖ ನೋಡಿ, "ಇಟ್ಬುಟ್ಟಲ್ಲೋ ಪಾಪಿ. ಇಟ್ಮೇಲೆ ತೀರ್ಸಿ ಬಾ," ಅಂದಳು. ಅವರು ಬೈಕು ಹತ್ತುವ ಹೊತ್ತಿಗೆ ರಕ್ಷಾಳ ಮೈ ಬೆಚ್ಚಗಾಗಿತ್ತು. ಹಿಂದಿನ ದಿನವೆಲ್ಲ ಬಿಸಿಲಲ್ಲಿ ಕುಣಿದ ಮಗು. ಆದರೆ ಬಿಸಿಲಿನ ನೆನಪು ಆಗ ಯಾರಿಗೂ ಬರಲಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಬೈಕು ಸಿರಾದ ಅಂಗಡಿ ಮುಂದೆ ನಿಂತಿತು. ಯಶೋದ ಗಿಟಾರನ್ನು ಅವುಚಿಕೊಂಡೇ ಇಳಿದಳು. ಕೆನ್ನೆ ಊದಿತ್ತು. ದಾರಿಯಲ್ಲಿ, "ಅರುಣಣ್ಣ ಒಳ್ಳೇನು," ಅಂದಿದ್ದಳಂತೆ. ಚಿಕ್ಕರಾಜುವಿನ ಅಂಗಿಯ ತೋಳಿಗೆ ರಕ್ತ ಹತ್ತಿತ್ತು, ಅದು ಅವನದಲ್ಲ.

"ಏನ್ ಭಾವ, ಊಟ ಆಯ್ತಾ?" ಅಂದ. ತಿಮ್ಮರಾಜು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕೆನ್ನೆಗೆ ಬಿತ್ತು. ಕನ್ನಡಕ ಹಾರಿ ಬಿಚ್ಚಿಟ್ಟ ಫ್ಯಾನಿನ ಒಳಗೆ ಹೋಯಿತು. "ಇದು ಮುಂಗಡ. ಅರುಣ ತನ್ನ ಪಿಕಪ್ ಒರಿಜಿನಲ್ಲು ಅಂತಾನೆ. ನೀನೇ ಒರಿಜಿನಲ್ ತಿಂದು ಡೂಪ್ಲಿಕೇಟ್ ಇಕ್ಕಿದ್ಯೋ, ಇಲ್ಲಾ ಅವನೇ ಕೊಟ್ನೋ, ಈಗ ನನ್ ಕಣ್ಮುಂದೆ ಬಿಚ್ಚಿ ತೋರ್ಸು. ಪಾವಗಡಕ್ಕೆ ಹೊರಡೋದ್ರೊಳಗೆ ದನಿ ಬರ್ಬೇಕು. ಯಾರ್ ಕೆಡಿಸಿದ್ದು ಅಂತಾನೂ ಗೊತ್ತಾಗ್ಬೇಕು."

ಪಕ್ಕದ ಅಂಗಡಿಯ ಟೈಲರ್ ಸತ್ತಾರ್ ಸಾಬರು ಇಣುಕಿ, "ಝಗಡಾ ಬೇಡಪ್ಪ, ಶಾಂತಿಂದ ಮಾತಾಡಿ," ಅಂದರು. ಚಿಕ್ಕರಾಜು ತಿರುಗಿ ನೋಡಿದ ಅಷ್ಟೆ. ಸಾಬರು ಮಿಷನ್ನಿನ ಹತ್ತಿರ ಹೋಗಿ ಕೂತರು, ಆದರೆ ತುಳಿಯಲಿಲ್ಲ.

ತಿಮ್ಮರಾಜು ಕನ್ನಡಕ ಹುಡುಕಿ ಹಾಕಿಕೊಂಡು, ಗಿಟಾರನ್ನು ಬೆಂಚಿನ ಮೇಲೆ ಮಲಗಿಸಿದ. ಆಂಪ್ಲಿಫೈಯರಿಗೆ ಸಿಕ್ಕಿಸಿ ಒಂದು ತಂತಿ ಮೀಟಿದ. ಹೌದು, ಮಂಕು. ಬುಡದ ದನಿ ಇದೆ, ತುದಿಯೇ ಇಲ್ಲ. ಮೊದಲು ವೈರು ಬದಲಾಯಿಸಿದ. ಅದೇ ಮಂಕು. ಪಿಕಪ್ ತಂತಿಗೆ ತೀರ ಹತ್ತಿರ ಕೂತಿದ್ದರೆ ದನಿ ದಪ್ಪಗಾಗುವುದುಂಟು, ಅದಕ್ಕೇ ಎರಡೂ ಪಕ್ಕದ ಸ್ಕ್ರೂ ಸಡಿಲಿಸಿ ಕೆಳಗಿಳಿಸಿದ. ಕೂದಲೆಳೆಯಷ್ಟು ಫರಕು ಆಯಿತು, ಅಷ್ಟೇ.

"ಆಯ್ತಾ?" ಅಂದ ಚಿಕ್ಕರಾಜು.

"ಇನ್ನೊಂದ್ ಚೂರು ನೋಡ್ತೀನಿ."

ಅಂದದ್ದಕ್ಕೆ ಬೆನ್ನಿಗೆ ಗುದ್ದು ಬಿತ್ತು. ಬೆಂಚಿನ ಅಂಚು ಎದೆಗೆ ಬಡಿದು ಉಸಿರು ಸಿಕ್ಕಿಕೊಂಡಿತು. ಕೆಮ್ಮುತ್ತಲೇ ತಿಮ್ಮರಾಜು ಹಿಂದಿನ ಮುಚ್ಚಳ ಬಿಚ್ಚಿದ. ಒಳಗೆ ಟೋನ್ ತಿರುಗಿಸುವ ಕಡೆ ಒಂದು ಸಣ್ಣ ಕಂಡೆನ್ಸರ್ ಇರುತ್ತದೆ. ಅದು ಕೆಟ್ಟಿದ್ದರೆ ಸಣ್ಣ ದನಿಯನ್ನೆಲ್ಲ ಕುಡಿದುಬಿಡುತ್ತದೆ. ಸೋಲ್ಡರಿಂಗ್ ಐರನ್ ಕಾಯಿಸಿ ಅದರ ಒಂದು ಕಾಲು ಬಿಡಿಸಿದ, ಮತ್ತೆ ಮೀಟಿದ. ಹಾಳಾದ್ದು, ಆಗಲೂ ಗೊಣಗಾಟವೇ.

ಚಿಕ್ಕರಾಜು ಐರನ್ನನ್ನು ಸ್ಟ್ಯಾಂಡಿನಿಂದ ಎತ್ತಿಕೊಂಡ. ತುದಿಯಲ್ಲಿ ಹೊಗೆ ಏಳುತ್ತಿತ್ತು. ನಿಧಾನವಾಗಿ, ಏನೋ ರುಚಿ ನೋಡುವವನ ಹಾಗೆ, ಭಾವನ ಮೊಣಕೈ ಕೆಳಗೆ ಒತ್ತಿದ. ಚುರ್ ಅಂದಿತು, ಸುಟ್ಟ ಕೂದಲಿನ ವಾಸನೆ ಅಂಗಡಿ ತುಂಬಿತು. ತಿಮ್ಮರಾಜು ಹಲ್ಲು ಕಚ್ಚಿಕೊಂಡ, ಕಣ್ಣಲ್ಲಿ ನೀರು ತಾನಾಗಿ ಸುರಿಯಿತು.

"ಕೈ ಸುಟ್ರೆ ಅವ್ನು ಕೆಲ್ಸ ಹೆಂಗ್ ಮಾಡ್ತಾನೆ?" ಅಂದಳು ಯಶೋದ.

ಹಿಂಗೈಯಿಂದ ಬೀಸಿದ ಏಟಿಗೆ ಅವಳು ಸ್ಟೂಲಿನಿಂದ ಕೆಳಗೆ ಬಿದ್ದಳು. ಎದ್ದು, ಸೀರೆ ಸರಿಮಾಡಿಕೊಂಡು, ತುಟಿಯ ರಕ್ತ ಒರೆಸಿಕೊಂಡು ಮತ್ತೆ ಅಲ್ಲೇ ಕೂತಳು. ಆಗ ಅವಳ ಫೋನು ಹೊಡೆದುಕೊಂಡಿತು. ಜುಂಜಮ್ಮ. ಮುದುಕಿಯ ಗಂಟಲು ದೊಡ್ಡದು, ಅಂಗಡಿಗೆಲ್ಲ ಕೇಳುತ್ತಿತ್ತು.

"ಮಗಿಗೆ ಜ್ವರ ಏರೈತೆ ಕಣಮ್ಮ. ಮಾತ್ರೆ ನುಂಗ್ಸಿವ್ನಿ, ಇಳೀತಿಲ್ಲ. ಆ ಕೊರಟಗೆರೆಯೋನ ಕೈ ಮುರ್ದಾಯ್ತು ಅಂದ್ರಲ್ಲ? ಮುರುದ್ರೂ ಇಳೀನಿಲ್ಲ ಅಂದ್ರೆ ಅದು ಆ ಕೈ ಅಲ್ಲ. ಸರ್ಯಾಗ್ ನೋಡಿ ಅಂತ ಹೇಳು ಅವ್ನಿಗೆ. ಹೊತ್ತು ಇಳೀತಾ ಐತೆ."

ಯಶೋದ ಫೋನು ಸೆರಗಿಗೆ ಸುತ್ತಿಟ್ಟುಕೊಂಡಳು. ಅವಳ ಮುಖದಲ್ಲಿ ಅಲ್ಲಿಯವರೆಗೆ ಇದ್ದ ಹೆದರಿಕೆ ಹೋಗಿ ಬೇರೆ ಹೆದರಿಕೆ ಬಂತು. ಗಂಡನ ಏಟಿನ ಹೆದರಿಕೆ ಅವಳಿಗೆ ಒಗ್ಗಿಹೋಗಿತ್ತು, ಇದು ಒಗ್ಗುವಂಥದ್ದಲ್ಲ.

ತಿಮ್ಮರಾಜು ಪಿಕಪ್‌ನ ಎರಡು ತುದಿಗೆ ಮೀಟರ್ ಹಿಡಿದ. ಮೀಟರು ತೋರಿಸಿದ ನಂಬರು ಅಚ್ಚುಕಟ್ಟಾಗಿತ್ತು. ಒಳ್ಳೆಯ ತಾಮ್ರ, ಒಳ್ಳೆಯ ಆಯಸ್ಕಾಂತ, ಅಪ್ಪಟ ಒರಿಜಿನಲ್. ಅಂದರೆ ಅರುಣ್ ಕುಮಾರನ ಬೆರಳು ಸುಮ್ಮನೆ ಹೋಯಿತು. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಉಳಿದದ್ದು ಒಂದೇ, ವಾಲ್ಯೂಮ್ ಕಂಟ್ರೋಲ್. ತಿರುಗಿಸುವ ಗುಬುಟು ಕಿತ್ತು, ನಟ್ಟು ಬಿಚ್ಚಿ, ಕಂಟ್ರೋಲನ್ನು ಹೊರಗೆ ಎಳೆದು, ಬೆನ್ನು ತಿರುಗಿಸಿ ನೋಡಿದ.

ದಪ್ಪನೆಯ ಹಿತ್ತಾಳೆ ಕಡ್ಡಿಯ ಹಳೇ ಕಂಟ್ರೋಲ್. ಅದು ಗಿಟಾರಿನದಲ್ಲ, ಮೈಕ್‌ಸೆಟ್ಟಿನದು. ಪಿಕಪ್ ಹಾಕಿಸಿದ ದಿನ ಹಳೆಯ ವಾಲ್ಯೂಮ್ ಕರಕರ ಅನ್ನುತ್ತಿತ್ತು. ಹೊಸದು ಹಾಕುತ್ತೇನೆ ಅಂದಾಗ ಚಿಕ್ಕರಾಜು, "ನಿನ್ ಡೂಪ್ಲಿಕೇಟ್ ಮಾಲು ನನ್ ಗಿಟಾರ್‌ಗೆ ಬ್ಯಾಡ. ಇದು ಕಂಪ್ನಿ ಐಟಂ, ನಮ್ಮಪ್ಪನ ಕಾಲದ ಸೆಟ್ಟಿಂದ ನಾನೇ ಕಿತ್ಕಂಡ್ ಬಂದಿವ್ನಿ, ಇದನ್ನೇ ಹಾಕು," ಅಂತ ಜೇಬಿನಿಂದ ತೆಗೆದು ಕೊಟ್ಟಿದ್ದ. ರಿಪೇರಿಯವನು ಒಳ್ಳೆಯದು ತೆಗೆದು ಕೆಟ್ಟದ್ದು ಇಡುತ್ತಾನೆ ಅನ್ನುವ ಗುಮಾನಿ ನಮ್ಮ ಕಡೆ ಯಾರಿಗಿಲ್ಲ ಹೇಳಿ. ಮಾಲೇನೋ ಒರಿಜಿನಲ್ಲೇ. ಆದರೆ ಈ ಪಿಕಪ್‌ಗೆ ಐದು ಲಕ್ಷ ಓಮ್ಸಿನ ಕಂಟ್ರೋಲ್ ಬೇಕು. ಮೈಕ್‌ಸೆಟ್ಟಿನದು ಐವತ್ತು ಸಾವಿರದ್ದು. ಅದು ತಡೆಯಬೇಕಾದಷ್ಟು ತಡೆಯುವುದಿಲ್ಲ, ಪಿಕಪ್ ಹಿಡಿದ ಸಣ್ಣ ದನಿಯೆಲ್ಲ ಹೊರಗೆ ಬರುವ ಮೊದಲೇ ಅರ್ತಿಂಗ್ ವೈರಿಗೆ ಇಳಿದುಹೋಗುತ್ತದೆ. ಆವತ್ತು ತಿಮ್ಮರಾಜು ಬೆನ್ನಿನ ನಂಬರು ನೋಡಲೂ ಇಲ್ಲ. ನೋಡಿದರೆ ಹೇಳಬೇಕಾಗುತ್ತಿತ್ತು, ಹೇಳಿದರೆ ಏಟು ಬೀಳುತ್ತಿತ್ತು. ಹಾಕು ಅಂದ, ಹಾಕಿದ.

ಅವನು ಹಳೆಯ ಕಂಟ್ರೋಲನ್ನು ಸದ್ದಿಲ್ಲದೆ ಎಡಗೈಯ ಮುಷ್ಟಿಗೆ ಸೇರಿಸಿಕೊಂಡ. ಡಬ್ಬಿಯಿಂದ ಸರಿಯಾದದ್ದೊಂದು ಹುಡುಕಿ ತೆಗೆದು, ಸುಟ್ಟ ಕೈಯಲ್ಲೇ ಬೆಸುಗೆ ಹಾಕಿದ. ಕಂಡೆನ್ಸರಿನ ಕಾಲು ಮತ್ತೆ ಕೂರಿಸಿದ. ಮುಚ್ಚಳ ಹಾಕಿ, "ನುಡ್ಸಿ ನೋಡು," ಅಂದ.

ಚಿಕ್ಕರಾಜು ಗಿಟಾರ್ ಎತ್ತಿಕೊಂಡು ಒಂದು ತಂತಿ ಮೀಟಿದ. ಅಂಗಡಿಯ ಗಾಜಿನ ಬೀರು ಝಣ್ ಅಂದಿತು. ಬಂತಪ್ಪ ದನಿ! ಮುಸುಕು ಕಿತ್ತು ಎದ್ದು ಬಂದ ಹಾಗೆ ಬಂತು. ಅವನು ಇನ್ನೊಂದು ತಂತಿ ಮೀಟಿದ, ಆಮೇಲೆ ಕಣ್ಣು ಮುಚ್ಚಿ ತಾತ ಗಣೆಯಲ್ಲಿ ಊದುತ್ತಿದ್ದ ಧಾಟಿ ಹಿಡಿದ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಸತ್ತಾರ್ ಸಾಬರು ಬಾಗಿಲಿಗೆ ಬಂದರು. ಯಶೋದ ಕೂಡ ತಲೆಯೆತ್ತಿದಳು. ಬಡವನಹಳ್ಳಿಯ ಸಂತೆ ಮೈದಾನದಲ್ಲಿ ಇದೇ ಧಾಟಿ ಕೇಳಿ, ಈ ಬೆರಳಿನವನಾದರೆ ಒಪ್ಪಿಗೆ ಅಂತ ಅಪ್ಪನಿಗೆ ಹೇಳಿದ್ದವಳು ಅವಳೇ. ಅದನ್ನು ನೆನೆದರೆ ಅವಳಿಗೆ ಈಗಲೂ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ನುಡಿಸಿ ನಿಲ್ಲಿಸಿದಾಗ ಚಿಕ್ಕರಾಜುವಿನ ಕಣ್ಣು ಒದ್ದೆಯಾಗಿತ್ತು. ದನಿ ಮೆತ್ತಗಾಗಿತ್ತು. "ಏನಾಗಿತ್ತು ಭಾವ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. "ಪಿಕಪ್ ಮ್ಯಾಗ್ನೆಟ್ ವೀಕಾಗಿತ್ತು. ಸರಿ ಮಾಡಿವ್ನಿ," ಅಂದ ತಿಮ್ಮರಾಜು. ಅರುಣ್ ಕುಮಾರನ ಬೆರಳು ಹೇಗೂ ಮುರಿದಿದೆ. ಮುರಿದದ್ದರ ಮೇಲೆ ತಪ್ಪು ಹೊರಿಸಿದರೆ ಇನ್ಯಾರದೂ ಮುರಿಯುವುದಿಲ್ಲ. ಹೇಸಿಗೆಯ ಲೆಕ್ಕಾಚಾರ, ಆದರೆ ಸುಟ್ಟ ಕೈ ಉರಿಯುವಾಗ ಬೇರೆ ಲೆಕ್ಕ ಹೊಳೆಯಲಿಲ್ಲ.

"ನಾನ್ ಹೇಳ್ನಿಲ್ವಾ? ಅರುಣಂದೇ ಅಂತ." ಚಿಕ್ಕರಾಜು ಹೆಂಡತಿಯ ಕಡೆ ತಿರುಗಿದ. "ಆಣೆ ತೀರ್ತು. ಏಳು, ಪಾವಗಡಕ್ಕೆ ಹೊತ್ತಾಯ್ತು."

ಯಶೋದ ಏಳಲಿಲ್ಲ.

"ಅಣ್ಣ, ನಿನ್ ಎಡಗೈಲಿ ಏನೈತೆ?" ಅಂದಳು. "ಗಿಟಾರಿಂದ ಏನೋ ಬಿಚ್ಚಿ ಮುಚ್ಚಿಟ್ಕಂಡೆ, ನಾನ್ ನೋಡ್ದೆ. ಆ ಅರುಣಣ್ಣನ ಕೈ ಅಲ್ಲ ಅಂತ ಅತ್ತೆ ಹೇಳ್ತಾವ್ಳೆ. ರಕ್ಷಾ ತಲೆ ಮುಟ್ಟಿ ಇಟ್ಟವ್ರೆ ಕಣಣ್ಣ ಆಣೆ. ನಾಳೆ ನನ್ ಮಗೀಗೆ ಹೆಚ್ಚುಕಮ್ಮಿ ಆದ್ರೆ ನಿನ್ ಮಾತು ನನ್ನ ಜೀವ ತಿನ್ನುತ್ತೆ. ಯಾರ್ ಕೈಯಾದ್ರೂ ಸರಿ, ನಿಂದಾದ್ರೂ ಸರಿ, ನಿಜ ಹೇಳು."

ತಿಮ್ಮರಾಜು ಆಣೆಗೀಣೆ ನಂಬುವವನಲ್ಲ. ಆದರೆ ರಕ್ಷಾ ಹುಟ್ಟಿದಾಗ ಅವಳ ಕಿವಿ ಚುಚ್ಚಿಸಲು ತೊಡೆಯ ಮೇಲೆ ಕೂರಿಸಿಕೊಂಡ ಸೋದರಮಾವ ಅವನು. ಆ ಪುಟ್ಟ ತಲೆಯ ಮೇಲೆ ಸುಳ್ಳು ಇಡಲು ಅವನಿಗೂ ಆಗಲಿಲ್ಲ. ಇನ್ನೊಂದು ಮಾತು ಮುಚ್ಚಿಟ್ಟರೆ ತಪ್ಪಾಗುತ್ತದೆ. ನಿಜ ಹೇಳಿದರೆ ಆಣೆ ಯಾರ ಕೈಗೆ ಸುತ್ತಿಕೊಳ್ಳುತ್ತದೆ ಅಂತ ಹೊಳೆದಾಗ ಅವನ ಹೊಟ್ಟೆಯೊಳಗೆ ಹೆದರಿಕೆಯ ಜೊತೆಗೇ ಒಂದು ಸಂತೋಷ ಮಿಸುಕಿತು. ಆ ಪೋಲಿಯೋ ಚಿತ್ರ ನೋಡುತ್ತಾ ನಿಂತ ದಿನದಿಂದ ಅದು ಅಲ್ಲೇ ಕಾದು ಕೂತಿತ್ತು.

ಮುಷ್ಟಿ ಬಿಚ್ಚಿದ. "ಪಿಕಪ್ ಅಪ್ಪಟ ಒರಿಜಿನಲ್ಲು. ಕೆಡಿಸಿದ್ದು ಈ ಕಂಟ್ರೋಲು. ಇದು ಮೈಕ್‌ಸೆಟ್ಟಿಂದು, ಗಿಟಾರ್‌ಗೆ ಆಗಲ್ಲ. ಅವತ್ತು ಇದನ್ನ ಕಿತ್ಕಂಡ್ ಬಂದು, ಇದನ್ನೇ ಹಾಕು ಅಂತ ಕೊಟ್ಟಿದ್ದು ನೀನೇ ಚಿಕ್ರಾಜು."

ಚಿಕ್ಕರಾಜು ಅದನ್ನೇ ದಿಟ್ಟಿಸಿದ. ಗುರುತು ಸಿಕ್ಕಿತು. ಅವನ ಅಪ್ಪನ ಮೈಕ್‌ಸೆಟ್ಟಿನ ಹಿತ್ತಾಳೆ ಕಡ್ಡಿ, ಅದು ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ. ಆಮೇಲೆ ನಕ್ಕ.

"ತಂದಿದ್ದು ನಾನು, ಸರಿ. ಗಿಟಾರ್‌ಗೆ ಹಾಕಿದ ಕೈ ಯಾವ್ದು? ನಿಂದು. ಗೊತ್ತಿಲ್ದೆ ನಾನ್ ಕೊಟ್ರೆ, ಗೊತ್ತಿರೋನು ನೀನ್ ಹೇಳ್ಬೇಕಿತ್ತು. ಕೆಡಿಸಿದ ಕೈ ಅಂತ ನಾನ್ ಆಣೆ ಇಟ್ಟಿದ್ದು. ಬಾ ಭಾವ."

ಗಿಟಾರನ್ನು ಗೋಡೆಗೆ ಒರಗಿಸಿ, ತಿಮ್ಮರಾಜುವಿನ ಬಲಗೈ ಹಿಡಿದೆಳೆದು ಬೆಂಚಿನ ತುದಿಯ ವೈಸಿಗೆ ತುರುಕಿದ. ಎರಡು ದವಡೆಯ ನಡುವೆ ಕಬ್ಬಿಣದ ಪೈಪು ಬಿಗಿದು ಹಿಡಿಯುವ ವೈಸು. ಎಡಗೈಯಿಂದ ಭಾವನ ಕತ್ತು ಅದುಮಿ, ಬಲಗೈಯಿಂದ ಹಿಡಿ ತಿರುಗಿಸತೊಡಗಿದ. ಎರಡು ದವಡೆ ಕೂಡಿದವು. ತಿಮ್ಮರಾಜು ಕಿರುಚಿದ. ಬೀದಿಯಲ್ಲಿ ನಿಂತಿದ್ದ ಜನ ಒಂದು ಹೆಜ್ಜೆ ಹಿಂದೆ ಸರಿದರು, ಒಳಗೆ ಬಂದವರು ಒಬ್ಬರೂ ಇಲ್ಲ.

"ಅವ್ನು ಬ್ಯಾಡ ಅಂದಿದ್ರೆ ನೀವು ಬುಡ್ತಿದ್ರಾ?" ಅಂದಳು ಯಶೋದ. ಅವಳು ಎದ್ದು ಬೆಂಚಿನ ಹತ್ತಿರ ಬಂದದ್ದನ್ನು ಯಾರೂ ನೋಡಿರಲಿಲ್ಲ. "ಅವ್ನ್ ಕೈ ಮುರುದ್ರೂ ಜ್ವರ ಇಳೀನಿಲ್ಲ ಅಂದ್ರೆ? ಆಮೇಲೆ ಯಾರ್ ಕೈ ಮುರೀತೀರಿ? ಹೊತ್ತು ಇಳೀತೈತೆ."

"ಬಾಯ್ಮುಚ್ಚೇ," ಅಂದ ಚಿಕ್ಕರಾಜು, ತಿರುಗಿ ನೋಡದೆ, ಇನ್ನೊಂದು ಸುತ್ತು ತಿರುಗಿಸುತ್ತಾ.

ಯಶೋದ ಬೆಂಚಿನ ಮೇಲಿದ್ದ ಸುತ್ತಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ವೈಸಿನ ಹಿಡಿಯ ಮೇಲಿದ್ದ ಅವನ ಬಲಗೈಯ ಮೇಲೆ ಹಾಕಿದಳು. ಮೂಳೆ ಕಬ್ಬಿಣಕ್ಕೆ ಸಿಕ್ಕಿ ಪುಡಿಯಾದ ಸದ್ದು ಸತ್ತಾರ್ ಸಾಬರ ಅಂಗಡಿಯವರೆಗೂ ಕೇಳಿಸಿತು. ಅವನು ಅರಚಿ ಬಾಗಿದಾಗ ಕೈ ಬೆಂಚಿನ ಮೇಲೆ ಬಿತ್ತು. ಅಲ್ಲಿಗೆ ಇನ್ನೊಂದು ಏಟು ಹಾಕಿದಳು. ಮೊದಲನೆಯದು ಮಗಳಿಗಾಗಿ. ಎರಡನೆಯದು ಯಾರಿಗಾಗಿ ಅಂತ ಅವಳೂ ಆಮೇಲೆ ಯಾವತ್ತೂ ಹೇಳಲಿಲ್ಲ.

ಚಿಕ್ಕರಾಜು ಎಡಗೈ ಚಾಚಿ, ಬಾಯಿ ಹಾಕುವ ನಾಯಿಯ ಹಾಗೆ ಅವಳ ಜಡೆಗೆ ಎಗರಿದ. ಜಡೆ ಸಿಕ್ಕಿತು ಕೂಡ. ಆಗ ಅವನ ಕಿವಿಯ ಕೆಳಗೆ ಬಿಸಿ ತಗುಲಿತು. ವೈಸಿನಲ್ಲಿ ಸಿಕ್ಕ ಕೈ ಹಾಗೇ ಇದ್ದು, ಇನ್ನೊಂದು ಕೈಯಲ್ಲಿ ತಿಮ್ಮರಾಜು ಕಾದ ಐರನ್ ಹಿಡಿದಿದ್ದ. ಅದು ಚರ್ಮಕ್ಕೆ ತಾಗಿತ್ತು.

"ಜಡೆ ಬುಡ್ಲಾ," ಅಂದ ತಿಮ್ಮರಾಜು. "ಕೂತ್ಕ."

ಆ ದನಿಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ತಿಮ್ಮರಾಜುವೂ ಕೇಳಿರಲಿಲ್ಲ. ಚಿಕ್ಕರಾಜು ಜಡೆ ಬಿಟ್ಟ. ತನ್ನ ಬಲಗೈಯನ್ನು ನೋಡಿಕೊಂಡ. ಬೆರಳುಗಳು ಎತ್ತೆತ್ತಲೋ ತಿರುಗಿದ್ದವು. ನೋಡುತ್ತಾ ನೋಡುತ್ತಾ ಗೋಡೆಗೆ ಒರಗಿ ಕೂತುಬಿಟ್ಟ, ಗಿಟಾರಿನ ಪಕ್ಕಕ್ಕೇ. ನೋವಿಗೆ ಅತ್ತನೋ ಬೆರಳಿಗೆ ಅತ್ತನೋ, ಮಗುವಿನ ಹಾಗೆ ಅತ್ತ.

ಯಶೋದ ವೈಸು ಸಡಿಲಿಸಿ ಅಣ್ಣನ ಕೈ ಬಿಡಿಸಿದಳು. ಚರ್ಮ ಸುಲಿದು ಊದಿತ್ತು, ಮೂಳೆ ಉಳಿದಿತ್ತು. ಆಮೇಲೆ ಸೆರಗಿನಿಂದ ಫೋನು ಬಿಚ್ಚಿ ಅತ್ತೆಗೆ ಹಚ್ಚಿದಳು. "ಅತ್ತೆ, ಆ ಕೈ ಸಿಕ್ತು. ಆಣೆ ತೀರ್ತು," ಅಂದಳು. ಯಾರ ಕೈ ಅಂತ ಜುಂಜಮ್ಮ ಕೇಳಿದಳು. ಹೇಳಿದಳು. ಮುದುಕಿ, "ಮಗು ಈಗ ಬೆವರ್ತಾವ್ಳೆ ಕಣಮ್ಮ," ಅಂದು ಫೋನಿಟ್ಟಳು. ಜ್ವರ ಮಾತ್ರೆಗೆ ಇಳಿಯಿತೋ, ಆಣೆಗೆ ಇಳಿಯಿತೋ, ಅದನ್ನು ಯಾರು ಕಂಡವರು.

ಚಿಕ್ಕರಾಜುವಿನ ಜೇಬಿನಲ್ಲಿ ಫೋನು ಅದುರತೊಡಗಿತು. ಅವನು ತೆಗೆಯಲಿಲ್ಲ, ತೆಗೆಯಲು ಕೈ ಎಲ್ಲಿ. ಯಶೋದಳೇ ಬಗ್ಗಿ ತೆಗೆದು ಕಿವಿಗಿಟ್ಟುಕೊಂಡಳು. ಜಯರಾಮಯ್ಯ ಎಲ್ಲಿದೀಯೋ ಅಂತ ಕೂಗಾಡುತ್ತಿದ್ದ. "ಇವತ್ತು ಕೀಬೋರ್ಡಲ್ಲೇ ನುಡಿಸ್ಕಳಿ ಯಜಮಾನ್ರೇ," ಅಂದು ಆಫ್ ಮಾಡಿದಳು.

ಸತ್ತಾರ್ ಸಾಬರು ಕೊನೆಗೂ ಒಳಗೆ ಬಂದು ಆಟೋ ಹಿಡಿದುಕೊಟ್ಟರು. ಸರ್ಕಾರಿ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದದ್ದು ಅದೇ ಶಾಂತಕುಮಾರಿ. ಯಶೋದಳ ಒಡೆದ ತುಟಿ ನೋಡಿದ್ದೇ ಹತ್ತಿಯ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡು, "ಬಾಮ್ಮ, ಮತ್ತೆ ಬಚ್ಚಲಾ?" ಅಂದಳು.

"ನಂಗಲ್ಲ ಸಿಸ್ಟರ್, ಇವ್ರಿಗೆ," ಅಂದಳು ಯಶೋದ, ಪಕ್ಕಕ್ಕೆ ಸರಿದು.

ಟವಲು ಸುತ್ತಿದ್ದ ಕೈಯನ್ನು ಶಾಂತಕುಮಾರಿ ಮೆಲ್ಲಗೆ ಬಿಚ್ಚಿ ನೋಡಿದಳು. ಅವರ ಹಿಂದೆ ಸುಟ್ಟ ಕೈ, ಸುಲಿದ ಕೈ ಹೊತ್ತು ತಿಮ್ಮರಾಜು ನಿಂತಿದ್ದ. ಈ ಸಲ ಅವನು ಗೋಡೆ ನೋಡುತ್ತಿರಲಿಲ್ಲ. ಚಿಕ್ಕರಾಜುವನ್ನೇ ನೋಡುತ್ತಿದ್ದ.

"ಹೆಂಗಾಯ್ತಪ್ಪ ಇದು?" ಅಂದಳು ಶಾಂತಕುಮಾರಿ.

ಚಿಕ್ಕರಾಜು ಹೆಂಡತಿಯ ಮುಖ ನೋಡಿದ. ಹೆಂಗಸಿನ ಕೈಯಲ್ಲಿ ಮುರಿಸಿಕೊಂಡೆ ಅಂತ ಹಟ್ಟಿಗೆ ಗೊತ್ತಾಗಬೇಕೆ. ಮಗಳ ತಲೆ ಮುಟ್ಟಿ ಇಟ್ಟ ಆಣೆಯಿಂದ ನುಣುಚಿಕೊಳ್ಳಲು ಹೋದೆ ಅಂತ ಗೊತ್ತಾಗಬೇಕೆ. ಅವಳು ಕಣ್ಣು ತಗ್ಗಿಸಲಿಲ್ಲ. ತಗ್ಗಿಸಿದವನು ಅವನು.

"ಬಚ್ಚಲಲ್ಲಿ ಜಾರಿ ಬಿದ್ದೆ," ಅಂದ.

ಶಾಂತಕುಮಾರಿ ಯಶೋದಳ ಕಡೆ ಒಂದು ಸಲ ನೋಡಿದಳು. ಆಮೇಲೆ ಅದನ್ನೇ ಚೀಟಿಯಲ್ಲಿ ಬರೆದುಕೊಂಡಳು.